ಹಗಲೆಲ್ಲಾ ಖಾಲಿ ಬಿದ್ದಿರೋ ಬೆಡ್‌ರೂಮು

ಮನೆ ಒಳಗಿನ ಜಾಗ ಹೇಗೆ ಜೋಡಿಸ್ಕೊಳೋದು ಅಂತ ಕೇಳಿ ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಚಿಕ್ಕ ಮನೆಯವ್ರದ್ದೇ. ಹಾಗಾಗಿ ಡ್ಯೂಪ್ಲೆಕ್ಸ್‌ನೋರು ದಯವಿಟ್ಟು ಒಂದು ಸಂಚಿಕೆ ತಡ್ಕೊಳ್ಳಿ. ಮೊದಲನೇ ಪತ್ರ ಉದ್ದ ಇದೆ, ಉತ್ತರ ಇನ್ನೂ ಉದ್ದ ಆಗಿದೆ, ಆದ್ರೆ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎಷ್ಟೋ ಜನ ಕೇಳಿದ್ದೀರಿ ಅಂತ ಪೂರ್ತಿ ಬರ್ದಿದ್ದೀನಿ.

ಪ್ರಶ್ನೆ: ಮೇಡಂ ನಮಸ್ಕಾರ. ನಮ್ದು ವಿಜಯನಗರದಲ್ಲಿ ಎರಡನೇ ಫ್ಲೋರಲ್ಲಿ ಒಂದು 1 ಬಿಎಚ್‌ಕೆ, ಸ್ವಂತದ್ದು. ಕಾಗದದಲ್ಲಿ 480 ಚದರ ಅಡಿ ಅಂತಿದೆ ಆದ್ರೆ ನಾವೇ ಟೇಪ್ ಹಿಡ್ದು ಅಳೆದ್ರೆ 335 ಬರುತ್ತೆ, ಬಾಲ್ಕನಿ ಬೇರೆ. ಹಾಲ್ 10 ಬೈ 13, ಬೆಡ್‌ರೂಮು ಒಂಬತ್ತೂವರೆ ಬೈ 10, ಅಡುಗೆಮನೆ 6 ಬೈ 8, ಬಾತ್‌ರೂಮ್ 4 ಬೈ 7, ಮಧ್ಯ ಒಂದು ಚಿಕ್ಕ ಪ್ಯಾಸೇಜು. ನಾವು ನಾಲ್ಕು ಜನ. ನಮ್ಮನೆಯವ್ರಿಗೆ ವಾರದಲ್ಲಿ ಮೂರು ದಿನ ವರ್ಕ್ ಫ್ರಮ್ ಹೋಮ್, ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ, ಅತ್ತೆಗೆ 72, ಮಂಡಿ ನೋವು, ಹಾಲ್‌ನಲ್ಲಿ ದಿವಾನ್ ಮೇಲೆ ಮಲಗ್ತಾರೆ. ಮಗಳಿಗೆ ಓದೋಕೆ ಅಂತ ಒಂದು ಜಾಗ ಇಲ್ಲ, ಡೈನಿಂಗ್ ಟೇಬಲ್ ಮೇಲೆ ಇವ್ರ ಲ್ಯಾಪ್‌ಟಾಪು, ಅವಳ ಪುಸ್ತಕ, ನನ್ನ ಸೊಪ್ಪು ಎಲ್ಲಾ ಒಟ್ಟಿಗೆ. ಒಬ್ಬ ಇಂಟೀರಿಯರ್‌ನವ್ರು ಬಂದು ನೋಡಿ ಹಾಲ್‌ಗೂ ಬೆಡ್‌ರೂಮಿಗೂ ಮಧ್ಯದ ಗೋಡೆ ಒಡೆದು ಗ್ಲಾಸ್ ಸ್ಲೈಡಿಂಗ್ ಹಾಕಿ, ಫಾಲ್ಸ್ ಸೀಲಿಂಗ್ ಮಾಡಿ, ಟಿವಿ ಯೂನಿಟ್ ಮಾಡಿದ್ರೆ ಮನೆ ದೊಡ್ಡದಾಗಿ ಕಾಣುತ್ತೆ ಅಂದ್ರು. ಮಗಳು ಹಾಂಗ್‌ಕಾಂಗಿನ ಒಂದು ಮನೆ ವಿಡಿಯೋ ತೋರಿಸಿ ಹೀಗೆ ಗೋಡೆ ಜರುಗಿಸೋ ತರ ಮಾಡ್ಸೋಣ ಅಂತಾಳೆ. ಮೂರು ಲಕ್ಷ ಕೂಡಿಟ್ಟಿದೀವಿ. ಗೋಡೆ ಒಡಿಸ್ಲಾ? ಗ್ರಾಫ್ ಶೀಟಲ್ಲಿ ಪ್ಲಾನ್ ಬರೆದು, ಯಾರು ಎಷ್ಟೊತ್ತಿಗೆ ಏನ್ ಮಾಡ್ತೀವಿ ಅಂತ ನೀವು ಹೋದ್ಸಲ ಹೇಳ್ದಂಗೆ ಪಟ್ಟಿ ಮಾಡಿ ಕಳಿಸಿದೀನಿ.

ಉತ್ತರ: ಮೊದ್ಲು ಆ ಪಟ್ಟಿಗೆ ಒಂದು ನಮಸ್ಕಾರ. ಜನ ಫೋಟೋ ಕಳಿಸ್ತಾರೆ, ಪ್ಲಾನ್ ಕಳಿಸ್ತಾರೆ, ಗಂಟೆ ಲೆಕ್ಕ ಕಳಿಸಿ ಅಂದ್ರೆ ಮಾತ್ರ ಯಾರೂ ಕಳಿಸಲ್ಲ. ನನಗೆ ಬೇಕಾಗಿದ್ದು ಅದೇ. ನೀವು ಬರೆದಿರೋದನ್ನ ಇಲ್ಲಿ ಚಿಕ್ಕದಾಗಿ ಹಾಕ್ತೀನಿ: ಅತ್ತೆ ಬೆಳಿಗ್ಗೆ 5ಕ್ಕೆ ಏಳ್ತಾರೆ, ಮಗಳೂ 5ಕ್ಕೆ ಎದ್ದು ಓದ್ಬೇಕು, ನೀವು ಐದೂವರೆಗೆ ಅಡುಗೆಮನೆ. ಯಜಮಾನ್ರು 7ಕ್ಕೆ ಎದ್ದು, ಮನೇಲಿರೋ ದಿನ 10ರಿಂದ ಸಂಜೆ 7ರವರೆಗೂ ಕಾಲ್‌ನಲ್ಲಿ. ಅತ್ತೆಗೆ ಮಧ್ಯಾಹ್ನ 2ರಿಂದ 4 ನಿದ್ದೆ, ಸಂಜೆ 7ರಿಂದ 9 ಸೀರಿಯಲ್ಲು, 9 ಆದ್ಮೇಲೆ ಮಲಗೋದು. ಮಗಳು ಟ್ಯೂಷನ್ನಿಂದ ಏಳೂವರೆಗೆ ಬಂದು ಹತ್ತೂವರೆವರೆಗೂ ಓದು. ನೀವಿಬ್ರು ಮಲಗೋದು 11.

ಈಗ ಇದನ್ನ ಪ್ಲಾನ್ ಪಕ್ಕ ಇಟ್ಟು ನೋಡಿ. ಬೆಳಿಗ್ಗೆ 7ರಿಂದ ರಾತ್ರಿ 11ರವರೆಗೆ, ಅಂದ್ರೆ 16 ಗಂಟೆ, ನಿಮ್ಮ ಬೆಡ್‌ರೂಮಲ್ಲಿ ಯಾರೂ ಇಲ್ಲ. ಬಟ್ಟೆ ತಗೊಳೋಕೆ ಹೋಗ್ತೀರಿ, ಬರ್ತೀರಿ ಅಷ್ಟೆ. ಬಾಗಿಲು, ಕಿಟಕಿ, ಗಾಳಿ ಎಲ್ಲಾ ಇರೋ ಒಳ್ಳೇ ರೂಮು 16 ಗಂಟೆ ಖಾಲಿ, ಆ ಕಡೆ ಹಾಲ್‌ನಲ್ಲಿ ನಾಲ್ಕು ಜನ, ಒಂದು ಟಿವಿ, ಒಂದು ಆಫೀಸು, ಒಂದು ಸ್ಕೂಲು, ಒಂದು ಹಾಸಿಗೆ. ರೂಮು ಯಾಕೆ ಖಾಲಿ ಅಂದ್ರೆ ಅಲ್ಲೊಂದು 6 ಬೈ ಆರೂವರೆ ಮಂಚ ಇದೆ. 95 ಚದರ ಅಡಿ ರೂಮಲ್ಲಿ 39 ಅಡಿ ಮಂಚಕ್ಕೇ ಹೋಯ್ತು, 12 ಅಡಿ ವಾರ್ಡ್‌ರೋಬಿಗೆ, ಅದರ ಬಾಗಿಲು ತೆಗೆಯೋಕೆ ಮುಂದೆ ಎರಡು ಅಡಿ, ಡ್ರೆಸ್ಸಿಂಗ್ ಟೇಬಲ್ಲು. ಅಲ್ಲಿ ಕುರ್ಚಿ ಹಾಕೋಕೆ ಜಾಗ ಇಲ್ಲದ್ದಕ್ಕೇ ಎಲ್ರೂ ಹಾಲ್‌ಗೆ ಬಂದಿದ್ದೀರಿ.

ಅಂದಹಾಗೆ ನಿಮ್ಮ ಪ್ಲಾನಲ್ಲಿ ಬಾಗಿಲುಗಳನ್ನ ಒಂದು ಗೆರೆ ಎಳೆದು ಬಿಟ್ಟಿದ್ದೀರಿ, ಎಲ್ರೂ ಹಾಗೇ ಮಾಡೋದು. ಮೂರು ಅಡಿ ಬಾಗಿಲು ಪೂರ್ತಿ ತೆಗೆದ್ರೆ ನೆಲದ ಮೇಲೆ 7 ಚದರ ಅಡಿ ಗುಡಿಸಿಕೊಂಡು ಹೋಗುತ್ತೆ, ಅಷ್ಟು ಜಾಗದಲ್ಲಿ ಏನೂ ಇಡೋ ಹಾಗಿಲ್ಲ. ಎರಡೂವರೆ ಅಡಿ ಬಾತ್‌ರೂಮ್ ಬಾಗಿಲಿಗೆ ಐದು ಅಡಿ ಹತ್ರ. ಒಂದು ಕಂಪಾಸ್ ತಗೊಂಡು ಪ್ರತಿ ಬಾಗಿಲಿಗೂ, ವಾರ್ಡ್‌ರೋಬ್ ಬಾಗಿಲಿಗೂ, ಫ್ರಿಜ್ ಬಾಗಿಲಿಗೂ ಕಾಲು ಚಕ್ರ ಬರೀರಿ, ಆಮೇಲೆ ನಿಮಗೇ ಗೊತ್ತಾಗುತ್ತೆ ಮನೇಲಿ ಓಡಾಡುವಾಗ ಯಾಕೆ ಒಬ್ರಿಗೊಬ್ರು ಡಿಕ್ಕಿ ಹೊಡೀತೀರಿ ಅಂತ.

ಗೋಡೆ ವಿಷಯ. ಆ ಗೋಡೆ ಪ್ಲಾಸ್ಟರ್ ಸೇರಿ ಐದು ಇಂಚು ದಪ್ಪ, 10 ಅಡಿ ಉದ್ದ ಅಂತ ಬರ್ದಿದ್ದೀರಿ. ಪೂರ್ತಿ ಒಡೆದು ಹಾಕಿದ್ರೆ ಸಿಗೋದು ನಾಲ್ಕು ಚದರ ಅಡಿ ಮೇಲೆ ಚಿಲ್ರೆ. ಅದ್ರಲ್ಲಿ ಗ್ಲಾಸಿನ ಫ್ರೇಮು ಮೂರು ಇಂಚು ವಾಪಸ್ ತಗೊಳುತ್ತೆ. ಇದಕ್ಕೋಸ್ಕರ ಎರಡು ಟನ್ ಹತ್ರ ಬರೋ ಇಟ್ಟಿಗೆ ಸಿಮೆಂಟು ಪುಡಿನ ಎರಡನೇ ಫ್ಲೋರಿಂದ ಮೂಟೆ ಕಟ್ಟಿ ಇಳಿಸ್ಬೇಕು, ಗೋಡೆ ಒಳಗಿನ ವೈರಿಂಗು, ಸ್ವಿಚ್ ಬೋರ್ಡು ಬೇರೆ ಕಡೆ ಒಯ್ಬೇಕು, ಗೋಡೆ ಇದ್ದ ಜಾಗದಲ್ಲಿ ನೆಲಕ್ಕೆ ಒಂದು ಪಟ್ಟಿ ಟೈಲ್ಸ್ ಹಾಕ್ಬೇಕು ಅದು ನಿಮ್ಮ ಹಳೇ ಟೈಲ್ಸಿಗೆ ಯಾವತ್ತೂ ಮ್ಯಾಚ್ ಆಗಲ್ಲ. ಪಿಲ್ಲರ್ ಬೀಮ್ ಇರೋ ಕಟ್ಟಡದಲ್ಲಿ ಇಂಥ ತೆಳು ಗೋಡೆ ಸಾಮಾನ್ಯವಾಗಿ ಭಾರ ಹೊರಲ್ಲ ಅನ್ನೋದು ನಿಜ, ಆದ್ರೂ ಅದನ್ನ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿ ಹೇಳ್ಬೇಕು, ಗೋಡೆ ತಟ್ಟಿ ನೋಡಿ "ಏನೂ ಆಗಲ್ಲ ಸಾರ್" ಅನ್ನೋ ಮೇಸ್ತ್ರಿ ಅಲ್ಲ. ಹಳೇ ಕಾಲದ 9 ಇಂಚಿನ ಗೋಡೆ ಮನೆಗಳಲ್ಲಂತೂ ಗೋಡೆನೇ ಮನೆ ಹೊತ್ತಿರುತ್ತೆ, ಅಲ್ಲಿ ಕೈ ಹಾಕ್ಲೇಬಾರ್ದು. ಇಷ್ಟೆಲ್ಲಾ ಆದ್ಮೇಲೆ ನೀವು ಕಳ್ಕೊಳೋದು ಏನು ಅಂದ್ರೆ, ಟಿವಿ ಸದ್ದನ್ನೂ ಲೈಟನ್ನೂ ತಡೆಯೋ ಒಂದೇ ಒಂದು ವಸ್ತು. ಗ್ಲಾಸ್ ಮೂಲಕ ಸೀರಿಯಲ್ ಅತ್ತೆ ಅಳೋದು ನಿಮ್ಮ ಮಗಳಿಗೆ ಟ್ರಿಗನಾಮೆಟ್ರಿ ಮಧ್ಯೆ ಕೇಳ್ಸುತ್ತೆ. "ದೊಡ್ಡದಾಗಿ ಕಾಣುತ್ತೆ" ಅಂದ್ರಲ್ಲ, ಯಾರಿಗೆ ಕಾಣ್ಬೇಕು? ಒಡೀಬೇಡಿ.

ಮಗಳು ತೋರಿಸಿದ ಮನೆ ಯಾವ್ದು ಅಂತ ಗೊತ್ತಾಯ್ತು. ಗ್ಯಾರಿ ಚಾಂಗ್ ಅನ್ನೋ ಆರ್ಕಿಟೆಕ್ಟ್‌ದು, 32 ಚದರ ಮೀಟರ್, ಅಂದ್ರೆ 344 ಚದರ ಅಡಿ, ಹೆಚ್ಚೂ ಕಮ್ಮಿ ನಿಮ್ಮನೆಯಷ್ಟೇ. ಗೋಡೆಗಳನ್ನ ಮೇಲೆ ಟ್ರ್ಯಾಕಿಗೆ ನೇತುಹಾಕಿ ಆ ಕಡೆ ಈ ಕಡೆ ಎಳೆದು ಅಡುಗೆಮನೆ, ಬೆಡ್‌ರೂಮು, ಲೈಬ್ರರಿ ಅಂತ 24 ತರ ಮಾಡ್ತಾನೆ. ಚೆನ್ನಾಗಿದೆ, ನಾನೂ ಬಾಯಿ ಬಿಟ್ಕೊಂಡು ನೋಡಿದ್ದೀನಿ. ಆದ್ರೆ ಚಿಕ್ಕೋನಿದ್ದಾಗ ಅದೇ ಫ್ಲಾಟಲ್ಲಿ ಅಪ್ಪ ಅಮ್ಮ ಮೂವರು ಸಹೋದರಿಯರ ಜೊತೆ ಬೆಳೆದ ಅವನು, ಗೋಡೆ ಜರುಗಿಸೋ ಹಾಗೆ ಮಾಡಿಸ್ಕೊಂಡಿದ್ದು ಒಬ್ಬನೇ ಇದ್ದಾಗ. ಒಬ್ಬನಿದ್ರೆ ಅಡುಗೆ ಮಾಡುವಾಗ ಮಲಗೋ ರೂಮು ಬೇಕಾಗಲ್ಲ. ನಿಮ್ಮನೇಲಿ ರಾತ್ರಿ ಒಂಬತ್ತೂವರೆಗೆ ಒಬ್ರು ಮಲಗಿರ್ತಾರೆ, ಒಬ್ಳು ಓದ್ತಿರ್ತಾಳೆ, ಒಬ್ರು ಪಾತ್ರೆ ತೊಳೀತಿರ್ತೀರಿ. ಆ ಹೊತ್ತಲ್ಲಿ ಗೋಡೆನ ಯಾವ ಕಡೆಗೆ ಜರುಗಿಸ್ತೀರಿ ಹೇಳಿ.

ಹಾಗಾದ್ರೆ ಏನ್ ಮಾಡ್ಬೇಕು. ನಾನು ಹೇಳೋದು ನಿಮಗೆ ಮೊದ್ಲಿಗೆ ಇಷ್ಟ ಆಗ್ದೇ ಇರಬಹುದು. ಬೆಡ್‌ರೂಮನ್ನ ನೀವಿಬ್ರು ಬಿಟ್ಕೊಡಿ. ಅಜ್ಜಿ ಮೊಮ್ಮಗಳು ಅಲ್ಲಿ, ನೀವಿಬ್ರು ಹಾಲ್‌ನಲ್ಲಿ. ನಾನು ಚಾಮರಾಜಪೇಟೆ ವಠಾರದಲ್ಲಿ ಬೆಳೆದವಳು, ಒಂದು ನಡುಮನೆ, ಒಂದು ಅಡುಗೆಮನೆ, ಆರು ಜನ. ಅಲ್ಲಿ ಮಂಚ ಅನ್ನೋದೇ ಇರ್ಲಿಲ್ಲ, ಬೆಳಿಗ್ಗೆ ಹಾಸಿಗೆ ಸುತ್ತಿ ಮೂಲೆಗಿಟ್ರೆ ಅದೇ ಊಟದ ಮನೆ, ಅದೇ ಓದೋ ಮನೆ, ಸಂಜೆ ಅದೇ ಹಾಡು ಹೇಳ್ಕೊಡೋ ಮನೆ. ಆ ಕಾಲ ಚಿನ್ನ ಅಂತೇನೂ ನಾನು ಹೇಳಲ್ಲ, ಬೆಳಿಗ್ಗೆ ನಲ್ಲಿ ಹತ್ರ ಕ್ಯೂ ನಿಂತಿದ್ದು ಮರ್ತಿಲ್ಲ. ಆದ್ರೆ ನೆಲನ ಹೊತ್ತು ನೋಡಿ ಹಂಚ್ಕೊಳೋದು ಅವ್ರಿಗೆ ಗೊತ್ತಿತ್ತು, ನಮಗೆ ಮಂಚ ಬಂದ್ಮೇಲೆ ಮರ್ತೋಯ್ತು.

ಬೆಡ್‌ರೂಮು ಹೀಗೆ. ದೊಡ್ಡ ಮಂಚ ಆಚೆ. ಗೋಡೆಗೆ ಒತ್ತಿ ಅತ್ತೆಗೆ 3 ಅಡಿ ಅಗಲ, ಆರೂ ಕಾಲು ಅಡಿ ಉದ್ದದ ಸಿಂಗಲ್ ಮಂಚ, ಹಾಸಿಗೆ ಸೇರಿ ನೆಲದಿಂದ 18 ಇಂಚು ಎತ್ತರ, ಮಂಡಿ ನೋವಿರೋರಿಗೆ ಇದಕ್ಕಿಂತ ತಗ್ಗು ಬೇಡ. ಅದರ ಕೆಳಗೆ ಚಕ್ರ ಇರೋ ಇನ್ನೊಂದು ತೆಳು ಮಂಚ, ಎರಡೂವರೆ ಅಡಿ ಅಗಲ, ಮಗಳಿಗೆ. ರಾತ್ರಿ ಎಳ್ಕೊಳೋದು ಬೆಳಿಗ್ಗೆ ತಳ್ಳೋದು. ಎದುರು ಗೋಡೆಗೆ ಎರಡು ಅಡಿ ಆಳದ ವಾರ್ಡ್‌ರೋಬು, ಸ್ಲೈಡಿಂಗ್ ಬಾಗಿಲು, ಮೇಲೆ ಸೀಲಿಂಗ್ ಮುಟ್ಟೋವರೆಗೂ ಸಜ್ಜಾ. ಲೆಕ್ಕ ಹಾಕಿ: 3 ಅಡಿ, ಎರಡೂವರೆ, 2, ಒಟ್ಟು ಏಳೂವರೆ. ಒಂಬತ್ತೂವರೆಯಲ್ಲಿ ರಾತ್ರಿ ಎರಡೂ ಮಂಚ ಹಾಸಿದ್ಮೇಲೂ ಎರಡು ಅಡಿ ದಾರಿ ಉಳೀತು, ಅತ್ತೆ ಎದ್ದು ಹೋಗೋಕೆ ಸಾಕು. ಮಂಚದ ಕಾಲಿನ ಕಡೆ ಮೂರು ಮುಕ್ಕಾಲು ಅಡಿ ಉಳಿಯುತ್ತಲ್ಲ, ಅದು ನಿಮ್ಮ ಕಿಟಕಿ ಇರೋ ಕಡೆ, ಅಲ್ಲಿ ಮೂರೂವರೆ ಅಡಿ ಉದ್ದದ ಒಂದು ಟೇಬಲ್, ಗೋಡೆಗೇ ಫಿಕ್ಸ್ ಆಗಿರ್ಲಿ, ಕಾಲು ಬೇಡ. ಹಗಲು ಯಜಮಾನ್ರ ಆಫೀಸು, ಸಂಜೆ 7 ಆದ್ಮೇಲೆ ಮಗಳ ಓದು. ಇಬ್ರಿಗೂ ಒಂದೇ ಟೇಬಲ್ಲು, ಜಗಳ ಬರಲ್ಲ, ಯಾಕಂದ್ರೆ ನಿಮ್ಮ ಪಟ್ಟಿ ಪ್ರಕಾರ ಅವ್ರಿಬ್ರ ಹೊತ್ತು ಒಂದಕ್ಕೊಂದು ತಾಗೋದೇ ಇಲ್ಲ. ಟೇಬಲ್ ಕೆಳಗೆ ಎರಡು ಡ್ರಾಯರ್, ಒಂದು ಅಪ್ಪಂದು ಒಂದು ಮಗಳ್ದು, ಏಳು ಹೊಡೆದ ತಕ್ಷಣ ಲ್ಯಾಪ್‌ಟಾಪ್ ಡ್ರಾಯರಿಗೆ ಹೋಗ್ಬೇಕು, ಈ ರೂಲ್ ಮಾತ್ರ ಬಡಗಿ ಮಾಡ್ಕೊಡಲ್ಲ. ಬಗ್ಗಿಸೋ ಟೇಬಲ್ ಲ್ಯಾಂಪ್ ಒಂದು, ಅಜ್ಜಿ ಮುಖಕ್ಕೆ ಬೆಳಕು ಬೀಳ್ದೇ ಇರೋ ಹಾಗೆ. ಬೆಳಿಗ್ಗೆ 5ಕ್ಕೆ ಹೇಗಿದ್ರೂ ಇಬ್ರೂ ಒಟ್ಟಿಗೆ ಏಳೋರು.

ಈಗ ಬಾಗಿಲು. ಬಾತ್‌ರೂಮು, ಬೆಡ್‌ರೂಮು ಎರಡಕ್ಕೂ ಆ 3 ಬೈ 4 ಪ್ಯಾಸೇಜಿಂದಾನೇ ಹೋಗೋದು. ಬೆಡ್‌ರೂಮಿನ ಮರದ ಬಾಗಿಲನ್ನ ಕಿತ್ತು, ಪ್ಯಾಸೇಜು ಹಾಲಿಗೆ ತೆರ್ಕೊಳೋ ಬಾಯಲ್ಲಿ ಹೊಸ ಚೌಕಟ್ಟು ಇಟ್ಟು ಅಲ್ಲಿ ಕೂರಿಸಿ, ಒಳಗಡೆಗೆ ತೆಗೆಯೋ ಹಾಗೆ. ಬೆಡ್‌ರೂಮಿಗೆ ಮಡಚೋ ಪಿವಿಸಿ ಬಾಗಿಲು ಸಾಕು, ಕೆಳಗೆ ಟ್ರ್ಯಾಕ್ ಇಲ್ಲದ್ದು ತಗೊಳ್ಳಿ, ಅತ್ತೆ ಕಾಲು ಎಡವಬಾರ್ದು. ಇದರಿಂದ ಏನಾಗುತ್ತೆ ಅಂದ್ರೆ ರೂಮೊಳಗಿನ ಆ 7 ಚದರ ಅಡಿ ವಾಪಸ್ ಬಂತು, ಗೋಡೆ ಒಡೆದ್ರೂ ಇಷ್ಟು ಸಿಕ್ತಿರ್ಲಿಲ್ಲ. ಅದಕ್ಕಿಂತ ಮುಖ್ಯವಾದ್ದು, ರಾತ್ರಿ ಅತ್ತೆ ಎರಡು ಮೂರು ಸಲ ಬಾತ್‌ರೂಮಿಗೆ ಏಳ್ತಾರೆ ಅಂದಿದ್ದೀರಿ, ಅವ್ರು ಹಾಲ್‌ಗೆ ಬರೋ ಹಾಗೇ ಇಲ್ಲ. ಹಾಲು, ಅಡುಗೆಮನೆ, ಬಾಲ್ಕನಿ ರಾತ್ರಿ 11 ಆದ್ಮೇಲೆ ಪೂರ್ತಿ ನಿಮ್ಮಿಬ್ಬರದ್ದು, ಮಧ್ಯ ಒಂದು ಗಟ್ಟಿ ಬಾಗಿಲು. ಚಿಕ್ಕ ಮನೆಗಳಲ್ಲಿ ಗಂಡ ಹೆಂಡ್ತಿ ಈ ವಿಷಯ ನನ್ಹತ್ರ ಬಾಯಿ ಬಿಟ್ಟು ಕೇಳಲ್ಲ, ಪತ್ರದಲ್ಲಂತೂ ಬರೆಯಲ್ಲ, ಅದಕ್ಕೇ ನಾನೇ ಬರೀತಿದ್ದೀನಿ. ತೊಂದ್ರೆ ಒಂದೇ, ಹಗಲು ಯಾರಾದ್ರೂ ಬಾತ್‌ರೂಮಿಗೆ ಹೋದ್ರೆ ಯಜಮಾನ್ರ ಮೀಟಿಂಗಲ್ಲಿ ಫ್ಲಶ್ ಸದ್ದು ಕೇಳಬಹುದು. ಮ್ಯೂಟ್ ಬಟನ್ ಇದೆಯಲ್ಲ.

ಹಾಲ್‌ಗೆ ಸೋಫಾ ಕಮ್ ಬೆಡ್ ತಗೊಳೋಣ ಅಂತ ನಿಮಗೆ ಈಗಾಗ್ಲೇ ಅನ್ಸಿರುತ್ತೆ. ಅಂಗಡೀಲಿ ಸೇಲ್ಸ್‌ನೋರು ತೆಗೆದು ತೋರಿಸಿದಾಗ ಸಲೀಸು, ಮನೇಲಿ ದಿನಾ ತೆಗೆದು ಹಾಕಿ ಆರು ತಿಂಗಳಿಗೆ ಬೇಜಾರಾಗಿ ತೆಗೆದಂಗೇ ಬಿಡೋರನ್ನ ತುಂಬಾ ನೋಡಿದ್ದೀನಿ. ಅದರ ಬದ್ಲು ಬಡಗಿ ಹತ್ರ ಎರಡು ಪೆಟ್ಟಿಗೆ ದಿವಾನ್ ಮಾಡಿಸಿ, ಒಂದೊಂದು ಎರಡೂವರೆ ಬೈ 6 ಅಡಿ, ಕೆಳಗೆ ಗಟ್ಟಿ ಚಕ್ರ. ಹಗಲು ಎಲ್ ಆಕಾರದಲ್ಲಿ ಮೂಲೆಗೆ, ನಾಲ್ಕೈದು ಜನ ಕೂರಬಹುದು, ಮಧ್ಯಾಹ್ನ ಅತ್ತೆ ಒಂದರ ಮೇಲೆ ಕಾಲು ಚಾಚಬಹುದು. ರಾತ್ರಿ ಎರಡನ್ನೂ ಜೋಡಿಸಿದ್ರೆ 5 ಬೈ 6 ಮಂಚ. ಮೆಕ್ಯಾನಿಸಮ್ ಇಲ್ಲ, ಸ್ಪ್ರಿಂಗ್ ಇಲ್ಲ, ಕೆಡೋಕೆ ಏನೂ ಇಲ್ಲ. ಪೆಟ್ಟಿಗೆ ಒಳಗೆ ಹಾಸಿಗೆ ಹೊದಿಕೆ, ಗೌರಿ ಗಣೇಶ ಹಬ್ಬದ ಸಾಮಾನು, ದಸರಾ ಬೊಂಬೆ, ವರ್ಷಕ್ಕೊಂದ್ಸಲ ತೆಗೆಯೋದೆಲ್ಲಾ. ಡೈನಿಂಗ್ ಟೇಬಲ್ ಕೊಟ್ಬಿಡಿ, ಗೋಡೆಗೆ ಮಡಚಿ ನಿಲ್ಸೋ ಟೇಬಲ್ ಹಾಕಿಸಿ, ಎರಡು ಮಡಚೋ ಕುರ್ಚಿ, ಉಳಿದಿಬ್ರು ದಿವಾನ್ ಮೇಲೆ. ಟಿವಿ ಗೋಡೆಗೆ, ಕೆಳಗೆ 10 ಇಂಚಿನ ಒಂದು ಹಲಗೆ, ಯೂನಿಟ್ಟು ಗೀನಿಟ್ಟು ಬೇಡ. ಫಾಲ್ಸ್ ಸೀಲಿಂಗ್ ಖಂಡಿತಾ ಬೇಡ, ನಿಮ್ಮದು ಒಂಬತ್ತೂವರೆ ಅಡಿ ಎತ್ತರ, ಅದರಲ್ಲಿ ಆರು ಇಂಚು ಪಿಒಪಿಗೆ ಕೊಟ್ರೆ ಫ್ಯಾನು ಕೆಳಗಿಳಿದು ಮನೆ ಇನ್ನೂ ಕುಗ್ಗುತ್ತೆ.

ಅಡುಗೆಮನೆ 6 ಅಡಿ ಅಗಲ ಅಂದ್ರೆ ಬೇಜಾರು ಮಾಡ್ಕೋಬೇಡಿ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಲ್ಲಿ ಮಾರ್ಗರೆಟೆ ಶ್ಯೂಟೆ ಲಿಹೋಟ್ಸ್ಕಿ ಅನ್ನೋ ಆರ್ಕಿಟೆಕ್ಟ್ ಹೆಣ್ಮಗಳು ಬಡಾವಣೆ ಮನೆಗಳಿಗೆ ಅಂತ ಒಂದು ಅಡುಗೆಮನೆ ಮಾಡಿದ್ಲು, 1.9 ಮೀಟರ್ ಬೈ 3.4 ಮೀಟರ್, ಅಂದ್ರೆ ಅಗಲ ಬರೀ ಆರೂ ಕಾಲು ಅಡಿ. ರೈಲಿನ ಊಟದ ಬೋಗಿ ಅಡುಗೆಮನೆ ನೋಡಿ, ಹೆಂಗಸ್ರು ಎಷ್ಟು ಹೆಜ್ಜೆ ಓಡಾಡ್ತಾರೆ ಅಂತ ಲೆಕ್ಕ ಹಾಕಿ ಮಾಡಿದ್ದದು, ಸುಮಾರು ಹತ್ತು ಸಾವಿರ ಮನೆಗೆ ಹಾಕಿದ್ರು. ಇವತ್ತಿನ ಮಾಡ್ಯುಲರ್ ಕಿಚನ್‌ನ ಮುತ್ತಜ್ಜಿ. ಅವಳಿಗೆ ಗ್ರೈಂಡರ್ ಇಡೋ ಕಷ್ಟ ಇರ್ಲಿಲ್ಲ ಬಿಡಿ. ನಿಮಗೆ ಎರಡೂ ಕಡೆ 2 ಅಡಿ ಕಲ್ಲು ಹಾಕಿದ್ರೆ ನಿಲ್ಲೋಕೆ ಎರಡೇ ಅಡಿ, ಬಗ್ಗಿ ಡ್ರಾಯರ್ ಎಳೆಯೋಕೆ ಆಗಲ್ಲ. ಒಂದು ಕಡೆ ಮಾತ್ರ 2 ಅಡಿ ಪ್ಲಾಟ್‌ಫಾರ್ಮ್, ಎದುರು ಗೋಡೆಗೆ 1 ಅಡಿ ಆಳದ ಶೆಲ್ಫು ಕೆಳಗಿಂದ ಮೇಲಿನವರೆಗೂ, ಸೊಂಟದ ಎತ್ತರದ ಹಲಗೆ ಮಾತ್ರ ಒಂದೂವರೆ ಅಡಿ ಮಾಡಿ ಮಿಕ್ಸಿ ಗ್ರೈಂಡರ್ ಅಲ್ಲೇ ಪರ್ಮನೆಂಟಾಗಿ ಇರ್ಲಿ, ಕೆಳಗಿಂದ ಎತ್ತಿ ಇಡೋ ಗ್ರೈಂಡರಲ್ಲಿ ಯಾರೂ ದೋಸೆ ಹಿಟ್ಟು ರುಬ್ಬಲ್ಲ. ಅಜ್ಜಿ ಕಾಲದಲ್ಲಿ ನಾಗಂದಿಗೆ ಅಂತ ತಲೆ ಮೇಲೆ ಗೋಡೆಯುದ್ದಕ್ಕೂ ಹಲಗೆ ಇರ್ತಿತ್ತಲ್ಲ, ಅಂಥದ್ದು ಬಾಗಿಲ ಮೇಲೂ ಓಡಿಸಿ. ಫ್ರಿಜ್ ಹಾಲ್‌ಗೆ ಬರ್ಲಿ, ಅಡುಗೆಮನೆ ಬಾಗಿಲ ಪಕ್ಕಾನೇ. ಸಿಲಿಂಡರ್ ಇಡೋ ಕಪಾಟಿಗೆ ಕೆಳಗಡೆ ಗಾಳಿ ಜಾಲರಿ ಇರ್ಲೇಬೇಕು, ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರೆ ನೆಲದಲ್ಲೇ ತುಂಬ್ಕೊಳುತ್ತೆ, ಮೇಲೆ ತೂತು ಮಾಡಿ ಪ್ರಯೋಜನ ಇಲ್ಲ.

ಪ್ಲೈವುಡ್: ಸಿಂಕ್ ಕೆಳಗೆ, ಬಾಲ್ಕನಿ ಹತ್ರ ಐಎಸ್ 710 ಮಾರ್ಕಿಂದು, ಅಂದ್ರೆ ನೀರು ತಡೆಯೋ ಮರೀನ್ ಪ್ಲೈ, ಉಳಿದ ಕಡೆ ಮಾಮೂಲಿ ಬಳಕೆಯ ಐಎಸ್ 303 ಸಾಕು. ಶೀಟಿನ ಮೇಲೆ ಸೀಲ್ ಇರುತ್ತೆ, ಕಟ್ ಮಾಡೋಕೆ ಮುಂಚೆ ನೀವೇ ಫೋಟೋ ತೆಗೆದಿಟ್ಕೊಳ್ಳಿ. ದುಡ್ಡು ಖರ್ಚು ಮಾಡೋ ಕ್ರಮ: ಮೊದ್ಲು ಬೆಡ್‌ರೂಮು ಮತ್ತು ಬಾಗಿಲು, ಮಗಳ ಪರೀಕ್ಷೆ ಇದೆ. ಆಮೇಲೆ ದಿವಾನ್. ಅಡುಗೆಮನೆ ಬೇಸಿಗೆ ರಜಕ್ಕೆ. ಮತ್ತೆ ಬಡಗಿ ಕರೆಸೋ ಮುಂಚೆ ಒಂದು ವಾರ ಹಳೇ ಮಂಚ ಬಿಚ್ಚಿ ಗೋಡೆಗೆ ಒರಗಿಸಿ, ನೆಲದ ಮೇಲೆ ಚಾಕ್‌ಪೀಸಲ್ಲಿ ಈ ಅಳತೆ ಎಲ್ಲಾ ಬರೆದು, ಹಾಸಿಗೆ ಹಾಸ್ಕೊಂಡು ಇದ್ದು ನೋಡಿ. ಅತ್ತೆ ಬೇಡ ಅಂದ್ರೆ ಅಲ್ಲಿಗೆ ನಿಲ್ಸಿ, ಅವ್ರ ಹತ್ರ ಇನ್ನೂ ಕೇಳೇ ಇಲ್ಲ ಅಂತ ನನಗೆ ನಿಮ್ಮ ಪತ್ರ ಓದಿದ್ರೇ ಗೊತ್ತಾಗುತ್ತೆ.

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನಾವು ವಿಜಯಪುರ ಕಡೆಯವ್ರು, ಮುಂಬೈನ್ಯಾಗ ಹಳೇ ಚಾಳಿನ (ವಠಾರದಂಥಾ ಕಟ್ಟಡ) ಖೋಲಿಯೊಳಗ ಇರ್ತೀವ್ರಿ, 10 ಬೈ 16, ಐದು ಮಂದಿ. ಮಾಳಿಗಿ 11 ಫೂಟ್ ಎತ್ತರ ಐತಿ. ಬಾಜೂ ಖೋಲಿಯವ್ರು ಪೋಟಮಾಳಾ (ಖೋಲಿಯೊಳಗ ಅರ್ಧಕ್ಕ ಹಾಕೋ ಅಟ್ಟ) ಹಾಕ್ಯಾರ, ನಾವೂ ಹಾಕಿದ್ರ ಮ್ಯಾಲ ಹುಡುಗೂರ್ದು ಒಂದ್ ಖೋಲಿ ಆಕ್ಕೈತೇನ್ರಿ?

ಉತ್ತರ: ಆಗುತ್ತೆ, ಆದ್ರೆ ಖೋಲಿ ಆಗಲ್ಲ, ಮಲಗೋ ಗೂಡು ಆಗುತ್ತೆ. ಲೆಕ್ಕ ನೋಡಿ. ಕೆಳಗೆ ತಲೆ ತಾಗ್ದೇ ಓಡಾಡೋಕೆ ಕಮ್ಮಿ ಅಂದ್ರೂ ಆರು ಮುಕ್ಕಾಲು ಅಡಿ ಬೇಕು. ಕಬ್ಬಿಣದ ಫ್ರೇಮು, ಹಲಗೆ ಸೇರಿ ಅರ್ಧ ಅಡಿ. ಉಳಿದಿದ್ದು ಮೂರು ಮುಕ್ಕಾಲು. ಕೂತ್ಕೊಂಡು ಓದಬಹುದು, ಮಲಗಬಹುದು, ನಿಲ್ಲೋ ಹಾಗಿಲ್ಲ. ಸೆಖೆ ಎಲ್ಲಾ ಮೇಲೇ ಸೇರೋದ್ರಿಂದ ಮುಂಬೈ ಮೇ ತಿಂಗಳಲ್ಲಿ ಹುಡುಗ್ರು ಕೆಳಗೇ ಬಂದು ಮಲಗ್ತಾರೆ ಅನ್ನೋದನ್ನ ಈಗ್ಲೇ ಒಪ್ಕೊಂಡು ಮಾಡ್ಸಿ. ಕಿಟಕಿ ಇರೋ ಗೋಡೆ ಕಡೆ ಮಾಡ್ಬೇಡಿ, ಕೆಳಗೆ ಕತ್ತಲಾಗುತ್ತೆ. ಒಳಗಿನ ಗೋಡೆ ಕಡೆ, ಪೂರ್ತಿ ಅಲ್ಲ, 16 ಅಡಿಯಲ್ಲಿ 7 ಅಡಿ ಸಾಕು, ಅದರ ಕೆಳಗೆ ಅಡುಗೆ ಮತ್ತು ಮೋರಿ (ತೊಳೆಯೋ ಜಾಗ), ಮುಂದಿನ 9 ಅಡಿ ಮಾಳಿಗೆವರೆಗೂ ಖುಲ್ಲಾ ಇರ್ಲಿ, ಇಲ್ಲಾಂದ್ರೆ ಡಬ್ಬಿಯೊಳಗೆ ಇದ್ದಂಗಾಗುತ್ತೆ. ಒಲೆ ನೇರ ಮೇಲೆ ಮಾತ್ರ ಯಾರೂ ಮಲಗಬಾರ್ದು, ಹೊಗೆ ಆವಿ ಎಲ್ಲಾ ಅಲ್ಲಿಗೇ ಹೋಗೋದು.

ಗಟ್ಟಿ ಮಾತು ಒಂದು ಹೇಳ್ಬೇಕು. ಹಳೇ ಚಾಳುಗಳಲ್ಲಿ ಎಷ್ಟೋ ಕಡೆ ಮರದ ತೊಲೆ, ಹಳೇ ಗೋಡೆ. ಬಾಜೂನವ್ರು ಹಾಕಿದ್ದಾರೆ ಅನ್ನೋದೇ ನಿಮಗೆ ಇನ್ನೊಂದು ಭಾರ, ಯಾಕಂದ್ರೆ ಮಧ್ಯದ ಗೋಡೆ ಇಬ್ರದ್ದೂ ಒಂದೇ. ಗೋಡೆಗೆ ತೂತು ಹೊಡೆದು ಕೂರಿಸ್ಬೇಡಿ, ನಾಲ್ಕು ಕಬ್ಬಿಣದ ಕಾಲ ಮೇಲೆ ನೆಲಕ್ಕೇ ಭಾರ ಬೀಳೋ ಹಾಗೆ ಮಾಡ್ಸಿ. ನೀವು ಮೇಲಿನ ಮಜಲಲ್ಲಿದ್ರೆ ಆ ನೆಲಾನೂ ತೊಲೆ ಮೇಲೇ ನಿಂತಿರೋದು, ಹಾಗಾಗಿ ಇಂಜಿನಿಯರ್ ತೋರಿಸ್ದೆ, ಲಿಖಿತ ಪರ್ಮಿಷನ್ ಇಲ್ದೆ ಮುಂದುವರೀಬೇಡಿ. ಚಾಳು ರೀಡೆವಲಪ್‌ಮೆಂಟ್ ಮಾತುಕತೆ ನಡೀತಿದ್ರೆ ಅಂತೂ ಫ್ರೇಮನ್ನ ವೆಲ್ಡ್ ಮಾಡಿಸ್ದೆ ನಟ್ಟು ಬೋಲ್ಟಲ್ಲಿ ಮಾಡ್ಸಿ, ಬಿಚ್ಚಿ ಒಯ್ಬಹುದು.

ಪ್ರಶ್ನೆ: ನಾನು ಬ್ಯಾಚುಲರ್, ಬೆಂಗಳೂರಲ್ಲಿ ಬಾಡಿಗೆಗೆ ಒಂದು ರೂಮು, 10 ಬೈ 12, ಅದರಲ್ಲೇ ಅಡುಗೆ ಕಟ್ಟೆ. ಓನರ್ ಮೊಳೆ ಹೊಡೀಬಾರ್ದು ಅಂತಾರೆ. ಅಮ್ಮ ಊರಿಂದ ಬಂದಾಗ ಅವ್ರಿಗೆ ಬಟ್ಟೆ ಬದಲಾಯಿಸೋಕೂ ಮರೆ ಇಲ್ಲ. ಏನಾದ್ರೂ ಐಡಿಯಾ ಕೊಡಿ.

ಉತ್ತರ: ಎರಡು ಗೋಡೆ ಮಧ್ಯ ತಿರುಗಿಸಿ ಬಿಗಿ ಮಾಡೋ ಸ್ಪ್ರಿಂಗ್ ರಾಡ್ ಸಿಗುತ್ತೆ, ಆದ್ರೆ 10 ಅಡಿಗೆ ಅದು ಮಧ್ಯ ಬಾಗಿ ಪರ್ದೆ ಸಮೇತ ಅಮ್ಮನ ತಲೆ ಮೇಲೆ ಬೀಳುತ್ತೆ. ಅದರ ಬದ್ಲು ಬಟ್ಟೆ ನೇತುಹಾಕೋ ಕಬ್ಬಿಣದ ಸ್ಟ್ಯಾಂಡು, ಐದು ಅಡಿ ಎತ್ತರದ್ದು, ಚಕ್ರ ಇರೋದು ತಗೊಂಡು ಅದರ ಬೆನ್ನಿಗೆ ದಪ್ಪ ಹತ್ತಿ ಬೆಡ್‌ಶೀಟ್ ಕಟ್ಟಿ. ಅದೇ ನಿಮ್ಮ ವಾರ್ಡ್‌ರೋಬು, ಅದೇ ಮರೆ. ಮೂಲೆಗೆ ಅಡ್ಡ ತಳ್ಳಿದ್ರೆ ಬಟ್ಟೆ ಬದಲಾಯಿಸೋ ಜಾಗ, ಅಡುಗೆ ಕಟ್ಟೆ ಮುಂದೆ ತಳ್ಳಿದ್ರೆ ತೊಳೀದೇ ಇರೋ ಪಾತ್ರೆ ಕಾಣಲ್ಲ. ಮಂಚ ತಗೋಬೇಡಿ, ಮೂರು ಮಡಿಕೆ ಹಾಸಿಗೆ ಸಾಕು, ಹಗಲು ಮಡಚಿ ಗೋಡೆಗಿಟ್ರೆ ಸೋಫಾ. ಬೆಂಗಳೂರಲ್ಲಿ ಮನೆ ಬದಲಾಯಿಸುವಾಗ ಅಡ್ವಾನ್ಸ್ ವಾಪಸ್ ಬರೋದೇ ಕಷ್ಟ, ಅದರ ಮೇಲೆ ಗೋಡೆಗೆ ಅಂಟಿಸೋ ಹುಕ್ಕು ಕೀಳುವಾಗ ಪೇಂಟು ಕಿತ್ಕೊಂಡು ಬಂದ್ರೆ ಅದನ್ನೂ ಕಟ್ ಮಾಡ್ತಾರೆ, ಟೈಲ್ಸ್ ಮೇಲೆ ಬಿಟ್ಟು ಬೇರೆ ಕಡೆ ಅಂಟಿಸ್ಬೇಡಿ.

ಪ್ರಶ್ನೆ: ನಮ್ಮ ಬಾತ್‌ರೂಮು 4 ಬೈ 6. ಕಮೋಡ್‌ನ ಎದುರು ಗೋಡೆಗೆ ಹಾಕಿಸಿದ್ರೆ ವಾಷಿಂಗ್ ಮೆಷಿನ್ ಒಳಗೆ ಹಿಡ್ಸುತ್ತೆ ಅಂತ ಪ್ಲಂಬರ್ ಹೇಳ್ತಾನೆ. ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗೇ ಇದೆ, ಅದಕ್ಕೂ ಜಾಗ ಉಳೀಬೇಕು.

ಉತ್ತರ: ಕೊನೇ ಸಾಲು ಓದಿ ಎದೆ ಝಲ್ ಅಂತು, ಅಲ್ಲಿಂದಾನೇ ಶುರು ಮಾಡ್ತೀನಿ. ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗೆ ಇರ್ಲೇಬಾರ್ದು. ಉರಿಯೋಕೆ ಅದು ರೂಮಿನ ಆಮ್ಲಜನಕ ತಿನ್ನುತ್ತೆ, ಗಾಳಿ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಬಿಡುತ್ತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ತಲೆ ಸುತ್ತಿ ಬೀಳೋವರೆಗೂ ಗೊತ್ತಾಗಲ್ಲ. ಪ್ರತಿ ಚಳಿಗಾಲದಲ್ಲೂ ಇಂಥ ಸಾವು ಪೇಪರಲ್ಲಿ ಬರುತ್ತೆ. 4 ಬೈ 6 ಅಂದ್ರೆ ಎಷ್ಟು ಗಾಳಿ ಇರುತ್ತೆ ಹೇಳಿ. ಇದನ್ನ ಓದಿದ ದಿನಾನೇ ಆಫ್ ಮಾಡಿ, ಗೀಸರನ್ನೂ ಅದರ ಸಿಲಿಂಡರನ್ನೂ ಬಾಲ್ಕನಿಗೆ ಅಥವಾ ಯುಟಿಲಿಟಿಗೆ ತೆರೆದ ಗಾಳಿಗೆ ಸಾಗಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರ್ಲಿ. ಹೊರಗೆ ಜಾಗ ಇಲ್ಲಾಂದ್ರೆ ಕರೆಂಟ್ ಗೀಸರ್ ಹಾಕ್ಸಿ.

ಕಮೋಡ್ ಅಲ್ಲೇ ಇರ್ಲಿ. ನಾಲ್ಕು ಇಂಚಿನ ಪೈಪು ಇಳಿಜಾರಾಗಿ ಹೋಗ್ಬೇಕು, ಜಾಗ ಬದಲಾಯಿಸಿದ್ರೆ ನೆಲ ಅಗೆದು ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡ್ಬೇಕು, ಒಂದು ಕಡೆ ತಪ್ಪಿದ್ರೂ ಕೆಳಗಿನ ಮನೆಯವ್ರ ಸೀಲಿಂಗು ಸೋರುತ್ತೆ, ಆಮೇಲೆ ಲಿಫ್ಟಲ್ಲಿ ಅವ್ರ ಮುಖ ನೋಡೋಕಾಗಲ್ಲ. ಬಾಗಿಲನ್ನ ಹೊರಗೆ ತೆಗೆಯೋ ಹಾಗೆ ತಿರುಗಿಸಿ, ಐದು ಅಡಿ ಹತ್ರ ಜಾಗ ಅಲ್ಲೇ ಸಿಗುತ್ತೆ. ವಯಸ್ಸಾದವ್ರು ಒಳಗೆ ಬಿದ್ರೆ ಬಾಗಿಲು ತೆಗೆಯೋಕೂ ಅದೇ ಒಳ್ಳೇದು. ವಾಷಿಂಗ್ ಮೆಷಿನ್ ಎರಡು ಅಡಿ ಅಗಲ ಇರುತ್ತೆ, ಅದರ ಮುಂದೆ ನಿಂತು ಬಗ್ಗೋಕೂ ಜಾಗ ಬೇಕು. ನಾನಾದ್ರೆ ಬಾಲ್ಕನಿಗೆ ನಲ್ಲಿ ಎಳೆಸಿ ಅಲ್ಲಿಡ್ತೀನಿ.

ಪ್ರಶ್ನೆ: ವಾಸ್ತು ಪ್ರಕಾರ ಒಲೆ ಆಗ್ನೇಯಕ್ಕೆ ಬರ್ಬೇಕು, ನಮ್ಮ 300 ಚದರ ಅಡಿ ಮನೇಲಿ ಆಗ್ನೇಯದಲ್ಲಿ ಬಾತ್‌ರೂಮಿದೆ. ಪರಿಹಾರ?

ಉತ್ತರ: ಅಡುಗೆಮನೆಯೊಳಗಿನ ಆಗ್ನೇಯ ಮೂಲೆಗೆ ಒಲೆ ಇಡಿ, ಮನಸ್ಸಿಗೂ ಸಮಾಧಾನ ಪೈಪಿಗೂ ಸಮಾಧಾನ. ಕಿಟಕಿ ಗಾಳಿಗೆ ಉರಿ ಆರದೇ ಇರೋ ಹಾಗೆ ನೋಡ್ಕೊಳ್ಳಿ ಅಷ್ಟೆ.

ಪ್ರಶ್ನೆ: ಮೇಡಂ, ಅಪ್ಪ ನನ್ನ ಮದುವೆಗೆ ಕೊಡಿಸಿದ ಕಬ್ಬಿಣದ ಬೀರು ಇದೆ. ಅಪ್ಪ ಈಗಿಲ್ಲ. ಹೊಸ ಫ್ಲಾಟು ಚಿಕ್ಕದು, ನಾಲ್ಕನೇ ಫ್ಲೋರು, ಸಣ್ಣ ಲಿಫ್ಟು. ಮಗ ಗುಜರಿಗೆ ಹಾಕು, ಮ್ಯಾಚ್ ಆಗಲ್ಲ ಅಂತಾನೆ. ನಿಮ್ಮ ಅಭಿಪ್ರಾಯ ಏನು?

ಉತ್ತರ: ಇಂಥ ಬೀರು ಸಾಮಾನ್ಯವಾಗಿ ಆರೂವರೆ ಅಡಿ ಎತ್ತರ, 3 ಅಡಿ ಅಗಲ, ಒಂದೂವರೆ ಅಡಿ ಆಳ, ಅಂದ್ರೆ ನೆಲ ತಿನ್ನೋದು ನಾಲ್ಕೂವರೆ ಚದರ ಅಡಿ. ಅಷ್ಟೇ ಜಾಗದಲ್ಲಿ ಹೊಸ ಪ್ಲೈವುಡ್ ಕಪಾಟು ಮಾಡಿಸಿದ್ರೂ ಇದಕ್ಕಿಂತ ಜಾಸ್ತಿ ಏನೂ ಹಿಡ್ಸಲ್ಲ, ಗೆದ್ದಲೂ ಹಿಡಿಯುತ್ತೆ. ಬಣ್ಣ ಮ್ಯಾಚ್ ಆಗಲ್ಲ ಅನ್ನೋದಾದ್ರೆ ಗೋಡೆ ಬಣ್ಣವೇ ಸ್ಪ್ರೇ ಮಾಡ್ಸಿ, ಕಣ್ಣಿಗೆ ಬೀಳೋದೇ ಇಲ್ಲ, ಒಳಗಡೆ ಮಾತ್ರ ಹಳೇ ಬಣ್ಣ ಹಾಗೇ ಇರ್ಲಿ. ನನಗಿರೋ ಚಿಂತೆ ಬೇರೆ. ಲಿಫ್ಟಲ್ಲಿ ಅದು ನಿಲ್ಲಲ್ಲ, ಮೆಟ್ಟಿಲಲ್ಲೇ ಹೊರ್ಬೇಕು. ಮೆಟ್ಟಿಲು ತಿರುಗೋ ಕಡೆ ಎಷ್ಟು ಅಗಲ ಇದೆ ಅಂತ ಅಳೆದು ಕಳಿಸಿ, ಕೈಕಂಬಿ ಒಳಗಿಂದ ಅಳೀರಿ, ಗೋಡೆಯಿಂದ ಗೋಡೆಗಲ್ಲ.